ನೀರೆತ್ತುವ ಪಂಪುಗಳ ವಿದ್ಯುಚ್ಛಕ್ತಿ: ಅದು ಹುಟ್ಟುವ ಬಗೆಯೂ ಅದರ ಬೆಲೆಯೂ

ಪ್ರತಿ ವರ್ಷವೂ ಮಾಘಮಾಸದ ಸುಮಾರಿಗೆ ಮುಡುಕುತೊರೆಯಲ್ಲಿ ಶ್ರೀ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆಯೂ, ಅದರೊಡನೆ ದನಗಳ ಪರಿಷೆಯೂ ನಡೆಯುವುದುಂಟು. ಅಲ್ಲಿ ಎತ್ತನ್ನು ಕೊಳ್ಳಲು ಬಂದ ರೈತನು ಹಲ್ಲನ್ನು ಬಿಡಿಸಿ ನೋಡುತ್ತಾನೆ, ಸುಳಿಯನ್ನು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಕಡೆಗೆ ಅದು ಎಷ್ಟು ಮೇವು ತಿನ್ನುತ್ತದೆಂಬುದನ್ನು ವಿಚಾರಿಸದೆ ಹಣದ ಗಂಟನ್ನು ಬಿಚ್ಚುವುದಿಲ್ಲ. ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಈ ವಿಚಾರಣೆಯು ಅತ್ಯವಶ್ಯವಾಗಿದ್ದಿತು. ಏಕೆಂದರೆ ಬಾವಿಯ ನೀರಿಗೆ ಆಗ ತಗಲುತ್ತಿದ್ದ ವೆಚ್ಚವೆಂದರೆ ಆ ಎತ್ತುಗಳ ಹುಲ್ಲು ಹುರುಳಿಯೇ. ಈಗ ಕಪಿಲೆ ಹೋಗಿ ಕೊಳವೆ ಬಾವಿಯೂ ಮೋಟಾರೂ ಬಂದಿವೆ. ಆದರೆ ಮೋಟಾರು ಏನನ್ನು ತಿನ್ನುತ್ತದೆ, ಅದನ್ನು ಬೆಳೆಯುವವರು ಯಾರು, ಊರಿಗೆ ಹೊತ್ತು ತರುವವರು ಯಾರು, ಕ್ರಯವನ್ನು ತೆರುವವರು ಯಾರು ಎಂದು ಕೇಳುವವರು ವಿರಳ. ಹತ್ತು ಕುದುರೆ ಶಕ್ತಿಯವರೆಗಿನ ಪಂಪುಗಳಿಗೆ ೨೦೦೮ರಿಂದ ಬಿಲ್ಲು ಬಾರದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ತನ್ನ ಕೈಯಿಂದ ಕೊಡದ ಹಣದ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಆದರೂ ಲೆಕ್ಕವು ತಾನಾಗಿ ಬಂದು ಬಾಗಿಲನ್ನು ತಟ್ಟುವ ಕಾಲವೊಂದುಂಟು. ೨೦೨೩ರಲ್ಲಿ ಮುಂಗಾರು ಸೋತು, ಜಲಾಶಯಗಳು ತುಂಬದೆ, ಅಕ್ಟೋಬರು ತಿಂಗಳಿನಲ್ಲಿ ಪಂಪುಗಳಿಗೆ ಏಳು ಗಂಟೆಗಳ ಕಾಲ ಬರುತ್ತಿದ್ದ ಮೂರು ಫೇಸಿನ ವಿದ್ಯುತ್ತನ್ನು ಐದು ಗಂಟೆಗೆ ಇಳಿಸಬೇಕಾಗಿ ಬಂದಿತು. ಅದೇ ಕಾಲದಲ್ಲಿ ಮಳೆಯಿಲ್ಲದ ಕಾರಣ ಎಲ್ಲ ರೈತರೂ ಒಮ್ಮೆಗೇ ಪಂಪನ್ನು ನಂಬಿದ್ದರಿಂದ ಬೇಡಿಕೆಯು ಮಿತಿ ಮೀರಿ ಏರಿದ್ದಿತು. ತೆನೆ ಕಟ್ಟುವ ಹದದಲ್ಲಿ ಎರಡು ಗಂಟೆಗಳ ನೀರು ತಪ್ಪಿದರೆ ಬತ್ತಕ್ಕೆ ಏನಾಗುವುದೆಂಬುದನ್ನು ಜಮೀನುದಾರರಿಗೆ ವಿವರಿಸಬೇಕಾಗಿಲ್ಲ. ಇಂತಹ ಸಂಕಟವು ಏಕೆ ಬರುತ್ತದೆ, ಅದರಲ್ಲಿ ಯಾವ ಭಾಗವು ಆಕಾಶದಿಂದ ಬಂದುದು, ಯಾವ ಭಾಗವು ಊರಿನೊಳಗೇ ಹುಟ್ಟಿದುದು ಎಂಬುದನ್ನು ಗ್ರಾಮದ ಮುಖ್ಯಸ್ಥರು ಅರಿತಿರುವುದು ಮೇಲು.

ನೀರಿನಿಂದ ಹುಟ್ಟುವ ಶಕ್ತಿ

ಮೈಸೂರು ಸೀಮೆಗೆ ವಿದ್ಯುತ್ತು ಹೊಸದಲ್ಲ. ಮುಡುಕುತೊರೆಯ ಬಳಿ ಮುಡುಕಾಗಿ ತಿರುಗಿ ತಲಕಾಡಿನ ಕಡೆಗೆ ಹರಿಯುವ ಕಾವೇರಿಯೇ ಮುಂದೆ ಶಿವನಸಮುದ್ರದಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಅಲ್ಲಿಯ ನೀರನ್ನು ಕಾಲುವೆಯಿಂದ ತಿರುಗಿಸಿ, ಸುಮಾರು ೪೦೦ ಅಡಿ ಕೆಳಕ್ಕೆ ಕೊಳವೆಗಳಲ್ಲಿ ಇಳಿಸಿ, ಚಕ್ರಗಳನ್ನು ತಿರುಗಿಸಿ, ೧೯೦೨ನೆಯ ಜೂನ್ ೩೦ರಂದು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಲಾಯಿತು. ಈ ಕಾರ್ಯಕ್ಕೆ ಮುಂದೆ ನಿಂತವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು. ಕೆಲಸ ಮುಗಿಯುವುದಕ್ಕೆ ಮುಂಚೆಯೇ, ೧೯೦೧ರಲ್ಲಿ, ಅವರು ತೀರಿಕೊಂಡರು. ಅದಕ್ಕೆ ಹಿಂದೆ ಗಣಿಗಳ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಬೆಂಗಳೂರಿಗೆ ೧೯೦೫ರಲ್ಲಿಯೂ ಮೈಸೂರಿಗೆ ೧೯೦೮ರಲ್ಲಿಯೂ ದೀಪಗಳು ಬಂದವು. ಬೇಸಿಗೆಯಲ್ಲಿ ಹೊಳೆಯು ಬಡವಾದಾಗ ಚಕ್ರಗಳು ನಿಲ್ಲಬಾರದೆಂಬುದು ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿದುದಕ್ಕಿದ್ದ ಮುಖ್ಯ ಕಾರಣಗಳಲ್ಲೊಂದು. ೧೯೪೦ರಲ್ಲಿ ಶಿಂಷಾ, ೧೯೪೮ರಲ್ಲಿ ಜೋಗದ ಮಹಾತ್ಮಾ ಗಾಂಧಿ ಕೇಂದ್ರ, ಅನಂತರ ೧೯೬೦ರ ದಶಕದಿಂದ ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ಕೇಂದ್ರ, ಹೀಗೆ ಎಂಬತ್ತು ವರ್ಷಗಳ ಕಾಲ ಈ ನಾಡು ಬಹುಮಟ್ಟಿಗೆ ನೀರಿನ ಶಕ್ತಿಯಿಂದಲೇ ಬಾಳಿತು. ೧,೦೩೫ ಮೆಗಾವಾಟಿನ ಶರಾವತಿಯು ಇಂದಿಗೂ ನಮ್ಮ ಜಲಕೇಂದ್ರಗಳಲ್ಲಿ ಹಿರಿಯದು.

ನೀರಿನ ಶಕ್ತಿಯು ಅಗ್ಗ. ಕಟ್ಟೆಯ ಸಾಲವು ತೀರಿದ ಮೇಲೆ ಅದಕ್ಕೆ ಮೇವೇ ಬೇಡ, ಮಳೆಯೇ ಮೇವು. ಹಳೆಯ ಜಲಕೇಂದ್ರಗಳ ವಿದ್ಯುತ್ತು ಯೂನಿಟ್ಟಿಗೆ ಒಂದು ರೂಪಾಯಿಯ ಆಚೀಚೆಯಲ್ಲಿ ದೊರೆಯುತ್ತದೆ. ಆದರೆ ಮಳೆಯು ಯಾರ ಆಳೂ ಅಲ್ಲ. ಮಿಗಿಲಾಗಿ ಒಂದು ಯೂನಿಟ್ಟಿಗೆ ಎಷ್ಟು ನೀರು ಬೇಕೆಂಬುದನ್ನು ಲೆಕ್ಕ ಹಾಕಿ ನೋಡತಕ್ಕದ್ದು. ಶಿವನಸಮುದ್ರದಲ್ಲಿ ಸಾವಿರ ಲೀಟರು ನೀರು ೪೦೦ ಅಡಿ ಬಿದ್ದು ಕೊಡುವುದು ಸುಮಾರು ಕಾಲು ಯೂನಿಟ್ಟು ಮಾತ್ರ. ಅದೇ ಸಾವಿರ ಲೀಟರು ನೀರನ್ನು ರೈತನು ತನ್ನ ಬಾವಿಯಿಂದ ೧೨೦ ಅಡಿ ಮೇಲಕ್ಕೆ ಎತ್ತಿದರೆ, ಸಾಮಾನ್ಯವಾಗಿ ಊರುಗಳಲ್ಲಿ ಕಾಣುವ ಪಂಪಿನಲ್ಲಿ, ಆ ಕಾಲು ಯೂನಿಟ್ಟು ಅಲ್ಲಿಗಲ್ಲಿಗೆ ಮುಗಿದುಹೋಗುತ್ತದೆ. ನಾನೂರು ಅಡಿ ಬಿದ್ದ ನೀರು ನೂರಿಪ್ಪತ್ತು ಅಡಿ ಏರುವುದಕ್ಕಷ್ಟೇ ಸಾಕು. ಉಳಿದುದು ಕಾವಿನಲ್ಲಿಯೂ, ಸವೆತದಲ್ಲಿಯೂ, ಕಿರಿದಾದ ಕೊಳವೆಯ ತಿಕ್ಕಾಟದಲ್ಲಿಯೂ ನಷ್ಟವಾಗುತ್ತದೆ. ಮಾಧವಮಂತ್ರಿಯ ಅಣೆಯ ಕಾಲುವೆಯಲ್ಲಿ ತಾನಾಗಿ ಇಳಿದು ಗದ್ದೆಗೆ ಬರುವ ನೀರಿಗೂ ಕೊಳವೆ ಬಾವಿಯಿಂದ ಎತ್ತಿದ ನೀರಿಗೂ ಇರುವ ಅಂತರವು ಇಷ್ಟು. ಕಾಲುವೆಯ ಕೊನೆಯಲ್ಲಿರುವ ಗದ್ದೆಯವರು ತೂಬಿನ ಮೇಲಿನ ಕಳ್ಳತನವನ್ನು ದೂರುವಾಗ ಈ ಅಂತರವನ್ನೂ ಸೇರಿಸಿ ದೂರಬಹುದು. ಮೇಲಿನವನು ಅತಿಯಾಗಿ ಹಾಯಿಸಿದ ನೀರಿಗೆ ಬದಲಾಗಿ ಕೆಳಗಿನವನು ಪಂಪು ಹೂಡಬೇಕಾಗುತ್ತದೆ.

ಕಲ್ಲಿದ್ದಲು

ನಾಡಿನ ಬೇಡಿಕೆಯು ನೀರಿನ ಶಕ್ತಿಯನ್ನು ಮೀರಿದ ಕಾರಣ ಕಲ್ಲಿದ್ದಲನ್ನು ಅವಲಂಬಿಸುವುದು ಅನಿವಾರ್ಯವಾಯಿತು. ೧೯೭೦ರಲ್ಲಿ ಸ್ಥಾಪಿತವಾದ ಕರ್ಣಾಟಕ ವಿದ್ಯುತ್ ನಿಗಮವು ರಾಯಚೂರಿನ ಬಳಿ ಕೃಷ್ಣಾ ನದಿಯ ದಡದಲ್ಲಿ, ಶಕ್ತಿನಗರದಲ್ಲಿ, ಕಟ್ಟಿಸಿದ ಶಾಖೋತ್ಪನ್ನ ಕೇಂದ್ರದ ಮೊದಲನೆಯ ಘಟಕವು ೧೯೮೫ರಲ್ಲಿ ಕೆಲಸಕ್ಕೆ ತೊಡಗಿತು. ಈಗ ಅಲ್ಲಿ ಎಂಟು ಘಟಕಗಳು ಸೇರಿ ೧,೭೨೦ ಮೆಗಾವಾಟು. ಆಮೇಲೆ ಬಳ್ಳಾರಿಯ ಕುಡತಿನಿಯಲ್ಲಿ ೧,೭೦೦, ರಾಯಚೂರಿನ ಯರಮರಸಿನಲ್ಲಿ ೧,೬೦೦ ಮೆಗಾವಾಟಿನ ಕೇಂದ್ರಗಳು ಎದ್ದವು. ಉಡುಪಿಯ ಬಳಿಯ ನಂದಿಕೂರಿನಲ್ಲಿ ಖಾಸಗಿಯವರ ೧,೨೦೦ ಮೆಗಾವಾಟಿನ ಕೇಂದ್ರವೂ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯ ೨,೪೦೦ ಮೆಗಾವಾಟಿನ ಕೇಂದ್ರವೂ ಇವೆ.

ಇವುಗಳ ಕೆಲಸವನ್ನು ಬೆಲ್ಲದ ಆಲೆಮನೆಯನ್ನು ನೋಡಿದವರು ಸುಲಭವಾಗಿ ಗ್ರಹಿಸಬಹುದು. ಕಲ್ಲಿದ್ದಲನ್ನು ಹಿಟ್ಟಿನಂತೆ ನುಣ್ಣಗೆ ಅರೆದು ಮಹಾ ಒಲೆಯೊಳಕ್ಕೆ ಊದಿ ಉರಿಸುತ್ತಾರೆ. ಆ ಉರಿಯಿಂದ ನೀರು ಹಬೆಯಾಗಿ, ಹಬೆಯು ಒತ್ತಡದಿಂದ ಚಕ್ರವನ್ನು ತಿರುಗಿಸಿ, ಚಕ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆ. ಕಲ್ಲಿದ್ದಲಿನ ಕಾವಿನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಶಕ್ತಿಯಾಗಿ ತಂತಿಗೆ ಏರುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯು ಹೆಚ್ಚು. ಮೂರರಲ್ಲೊಂದು ಪಾಲನ್ನು ಮೀರುವುದೂ ಉಂಟು. ಆದಕಾರಣ ಒಂದು ಯೂನಿಟ್ಟಿಗೆ ಸುಮಾರು ೬೫೦ರಿಂದ ೭೦೦ ಗ್ರಾಮು ಕಲ್ಲಿದ್ದಲು ಬೇಕು. ರಾಯಚೂರಿನ ಕೇಂದ್ರವೊಂದೇ ಪೂರ್ಣವಾಗಿ ನಡೆದರೆ ದಿನಕ್ಕೆ ೨೭,೦೦೦ ಟನ್ನಿಗೆ ಕಡಮೆಯಿಲ್ಲದಷ್ಟು, ಅಂದರೆ ಏಳು ಗೂಡ್ಸು ರೈಲುಗಳು ಹೊರುವಷ್ಟು, ಕಲ್ಲಿದ್ದಲನ್ನು ನುಂಗುತ್ತದೆ. ಕರ್ಣಾಟಕದ ಗಡಿಯೊಳಗೆ ಕಲ್ಲಿದ್ದಲಿನ ಗಣಿ ಒಂದೂ ಇಲ್ಲ. ಗೋದಾವರಿ ಕಣಿವೆಯ ಸಿಂಗರೇಣಿಯಿಂದಲೂ, ಒಡಿಶಾ ಮತ್ತು ಮಹಾರಾಷ್ಟ್ರದ ಗಣಿಗಳಿಂದಲೂ ಅದು ಬರಬೇಕು. ನಂದಿಕೂರಿಗೆ ಸಮುದ್ರ ದಾಟಿ ಬರುತ್ತದೆ. ಗಣಿಯಲ್ಲಿ ಮಳೆಯ ನೀರು ತುಂಬಿದರೂ, ರೈಲಿನ ಬಾಡಿಗೆ ಏರಿದರೂ, ವಿದೇಶದಲ್ಲಿ ಬೆಲೆ ಹೆಚ್ಚಿದರೂ ಅದರ ಫಲವು ಈ ತಾಲ್ಲೂಕಿನ ಬಿಲ್ಲಿಗೆ ತಲುಪುತ್ತದೆ. ಮನೆಯ ಬಿಲ್ಲುಗಳಲ್ಲಿ ಇಂಧನ ಮತ್ತು ವಿದ್ಯುತ್ ಖರೀದಿ ಹೊಂದಾಣಿಕೆಯೆಂದು ತಿಂಗಳಿಂದ ತಿಂಗಳಿಗೆ ಬದಲಾಗುವ ಸಣ್ಣ ಮೊತ್ತವೊಂದು ಕಾಣುವುದು ಇದೇ.

ಕರ್ಣಾಟಕವು ಕಲ್ಲಿದ್ದಲನ್ನೇ ನಂಬಿ ಕುಳಿತಿರುವ ರಾಜ್ಯವೇ ಎಂದು ಕೇಳಿದರೆ, ಯಂತ್ರಗಳ ಸಾಮರ್ಥ್ಯವನ್ನು ಎಣಿಸಿದವರು ಅಲ್ಲವೆನ್ನುತ್ತಾರೆ. ಏಕೆಂದರೆ ಸೂರ್ಯ, ಗಾಳಿ, ನೀರು ಈ ಮೂರರ ಯಂತ್ರಗಳು ಸೇರಿ ಅರ್ಧಕ್ಕಿಂತ ಹೆಚ್ಚಾಗಿವೆ. ಆದರೆ ಯಂತ್ರವಿರುವುದು ಬೇರೆ, ಬೇಕಾದ ಹೊತ್ತಿನಲ್ಲಿ ಅದು ತಿರುಗುವುದು ಬೇರೆ. ಪಾವಗಡದ ೨,೦೫೦ ಮೆಗಾವಾಟಿನ ಸೌರ ಉದ್ಯಾನವು ಸೂರ್ಯಾಸ್ತದೊಡನೆ ಮಲಗುತ್ತದೆ. ಗಾಳಿಯು ಆಷಾಢದಲ್ಲಿ ಬೀಸಿದಂತೆ ಫಾಲ್ಗುಣದಲ್ಲಿ ಬೀಸುವುದಿಲ್ಲ. ಮಳೆ ತಪ್ಪಿದ ವರ್ಷದ ಬೇಸಿಗೆಯ ರಾತ್ರಿಗಳಲ್ಲಿ ಆಸರೆಯಾಗಿ ನಿಲ್ಲುವುದು ಬಹುಮಟ್ಟಿಗೆ ಕಲ್ಲಿದ್ದಲೂ ಕೈಗಾದ ಅಣುಶಕ್ತಿ ಕೇಂದ್ರವೂ ಮಾತ್ರ. ರಾಜ್ಯದ ಗರಿಷ್ಠ ಬೇಡಿಕೆಯು ೨೦೨೫ರ ಮಾರ್ಚಿಯಲ್ಲಿ ೧೮,೦೦೦ ಮೆಗಾವಾಟನ್ನು ದಾಟಿತೆಂಬುದನ್ನು ನೆನೆದರೆ ಆ ಆಸರೆಯ ಭಾರವು ತಿಳಿಯುತ್ತದೆ. ಅಗತ್ಯವಿಲ್ಲದ ಮಳೆಗಾಲದಲ್ಲಿ ಕಲ್ಲಿದ್ದಲಿನ ಕೇಂದ್ರವನ್ನು ನಿಲ್ಲಿಸಿದರೂ ಅದರ ಸಾಲ, ಸಂಬಳ, ಸವಕಳಿಗಳ ಹಣವನ್ನು ಕೊಟ್ಟೇ ತೀರಬೇಕು; ಸುಗ್ಗಿಯಿಲ್ಲದ ತಿಂಗಳಿನಲ್ಲಿಯೂ ವರ್ಷದ ಆಳಿಗೆ ಊಟವಿಕ್ಕುವಂತೆ. ಅಂತಹ ವಿದ್ಯುತ್ತು ಯೂನಿಟ್ಟಿಗೆ ನಾಲ್ಕೂವರೆಯಿಂದ ಆರು ರೂಪಾಯಿ, ಕೆಲವು ವೇಳೆ ಅದಕ್ಕೂ ಮಿಗಿಲಾಗಿ ಬೀಳುತ್ತದೆ. ಹೊಸ ಸೌರಶಕ್ತಿಯು ಮೂರು ರೂಪಾಯಿಯ ಸುತ್ತಮುತ್ತ ದೊರೆಯುತ್ತದೆ, ಆದರೆ ಹಗಲಿನಲ್ಲಿ ಮಾತ್ರ.

ಊರಿಗೆ ತರುವವರು

ಹಿಂದೆ ಹುಟ್ಟಿಸುವುದೂ ಸಾಗಿಸುವುದೂ ಹಂಚುವುದೂ ಸರ್ಕಾರದ ಒಂದೇ ಇಲಾಖೆಯ ಕೆಲಸವಾಗಿದ್ದಿತು. ೧೯೫೭ರಲ್ಲಿ ಅದು ವಿದ್ಯುಚ್ಛಕ್ತಿ ಮಂಡಳಿಯಾಯಿತು. ೧೯೯೯ರ ಸುಧಾರಣಾ ಕಾನೂನಿನ ಮೇಲೆ ಮಂಡಳಿಯು ಒಡೆದು, ದೊಡ್ಡ ತಂತಿಗಳ ಮೇಲೆ ಸಾಗಿಸುವುದು ಕರ್ಣಾಟಕ ವಿದ್ಯುತ್ ಪ್ರಸರಣ ನಿಗಮದ ಪಾಲಿಗೆ ಬಂದಿತು; ೨೦೦೨ರಲ್ಲಿ ಮನೆಮನೆಗೆ ಹಂಚುವ ಕೆಲಸವು ಬೇರೆ ಕಂಪೆನಿಗಳ ಪಾಲಾಯಿತು. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು ಈ ಐದು ಜಿಲ್ಲೆಗಳು ೨೦೦೫ರಿಂದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರಿವೆ. ಇದು ತಾನೇ ವಿದ್ಯುತ್ತನ್ನು ಬೆಳೆಯುವುದಿಲ್ಲ, ಕೊಂಡು ಮಾರುತ್ತದೆ. ಅಗ್ಗದ ನೀರಿನ ವಿದ್ಯುತ್ತಿನಲ್ಲಿ ಯಾವ ಕಂಪೆನಿಗೆ ಎಷ್ಟು ಪಾಲೆಂಬುದನ್ನು ಸರ್ಕಾರವು ಹಂಚಿಕೊಡುತ್ತದೆ. ಹಳ್ಳಿಗಳೇ ಹೆಚ್ಚಾಗಿರುವ ಕಂಪೆನಿಗಳಿಗೆ ಅಗ್ಗದ ಪಾಲನ್ನು ಹೆಚ್ಚಾಗಿ ಕೊಡುವುದು ವಾಡಿಕೆ. ಮಾರುವ ದರವು ಮಾತ್ರ ರಾಜ್ಯಕ್ಕೆಲ್ಲಾ ಒಂದೇ.

ಈ ದರವನ್ನು ಕಂಪೆನಿಯಾಗಲಿ ಮಂತ್ರಿಗಳಾಗಲಿ ತಮ್ಮಿಚ್ಛೆಯಂತೆ ಗೊತ್ತುಮಾಡುವಂತಿಲ್ಲ. ಕರ್ಣಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೆಂಬ ನ್ಯಾಯಸ್ಥಾನದಂತಹ ಸಂಸ್ಥೆಯು ಅದನ್ನು ನಿರ್ಣಯಿಸುತ್ತದೆ. ಕಂಪೆನಿಯು ಸಾಮಾನ್ಯವಾಗಿ ನವೆಂಬರು ಕೊನೆಯೊಳಗೆ ಮುಂದಿನ ಸಾಲಿನ ಜಮಾಖರ್ಚನ್ನು ಆಯೋಗದ ಮುಂದಿಡುತ್ತದೆ. ಅದು ವೃತ್ತಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಯಾರು ಬೇಕಾದರೂ ಆಕ್ಷೇಪಣೆಯನ್ನು ಬರೆದು ಕಳುಹಿಸಬಹುದು. ಅನಂತರ ಬಹಿರಂಗ ವಿಚಾರಣೆ ನಡೆದು ಏಪ್ರಿಲಿಗೆ ಮುಂಚೆ ಆಜ್ಞೆ ಹೊರಡುತ್ತದೆ. ಕಾರ್ಖಾನೆಗಳ ಕಡೆಯವರು ಲೆಕ್ಕಪತ್ರಗಳೊಡನೆ ಬಂದು ವಾದಿಸುತ್ತಾರೆ. ಹಳ್ಳಿಯವರ ಪರವಾಗಿ ಬರುವ ಆಕ್ಷೇಪಣೆಗಳು ಕಡಮೆ. ಬಂದರೂ ಇಂತಹ ಫೀಡರಿನಲ್ಲಿ ಇಷ್ಟು ದಿನ ಇಷ್ಟು ಗಂಟೆ ವಿದ್ಯುತ್ತು ಬರಲಿಲ್ಲವೆಂಬ ದಿನಾಂಕವಾರು ಬರಹವಿಲ್ಲದೆ ಬರಿಯ ದೂರಾಗಿ ಬರುತ್ತವೆ. ಊರಿನಲ್ಲಿ ಒಬ್ಬ ಅಕ್ಷರಸ್ಥ ಹುಡುಗನಿಗೆ ಒಂದು ನೋಟುಬುಕ್ಕನ್ನು ಕೊಟ್ಟು ಮೂರು ತಿಂಗಳು ಗಂಟೆಗಳನ್ನು ಬರೆಯಿಸಿದರೆ ಅದಕ್ಕಿಂತ ಬಲವಾದ ಅರ್ಜಿಯು ಮತ್ತೊಂದಿರಲಾರದು.

೨೦೨೫ರ ಏಪ್ರಿಲ್ ೧ರಿಂದ ಬಂದ ಆಜ್ಞೆಯಲ್ಲಿ ಮನೆಯ ಬಳಕೆಯ ದರವು ಯೂನಿಟ್ಟಿಗೆ ೫ ರೂಪಾಯಿ ೯೦ ಪೈಸೆಯಿಂದ ೫ ರೂಪಾಯಿ ೮೦ ಪೈಸೆಗೆ ಇಳಿಯಿತು. ಇದನ್ನು ಕಂಡು ಸಂತೋಷಪಟ್ಟವರು ಪೂರ್ತಿಯಾಗಿ ಓದಲಿಲ್ಲವೆಂದೇ ಹೇಳಬೇಕು. ಮಂಜೂರಾದ ಪ್ರತಿ ಕಿಲೋವಾಟಿಗೆ ಕೊಡಬೇಕಾದ ನಿಗದಿ ಶುಲ್ಕವು ೧೨೦ರಿಂದ ೧೪೫ ರೂಪಾಯಿಗೆ ಏರಿತು. ಅದಲ್ಲದೆ ವಿದ್ಯುತ್ ಸಂಸ್ಥೆಗಳ ನೌಕರರ ನಿವೃತ್ತಿವೇತನಕ್ಕಾಗಿ ಯೂನಿಟ್ಟಿಗೆ ೩೬ ಪೈಸೆಯ ಮೇಲುತೆರಿಗೆಯು ಬೇರೆಯಾಗಿ ಸೇರಿತು. ೨೦೨೩ರಿಂದ ಗೃಹಜ್ಯೋತಿಯ ಮೂಲಕ ೨೦೦ ಯೂನಿಟ್ಟಿನ ಒಳಗಿನ ಮನೆಗಳ ಹಣವನ್ನು ಸರ್ಕಾರವೇ ಕೊಡುತ್ತಿರುವುದರಿಂದ ಬಹುಮಂದಿಗೆ ಈ ಬದಲಾವಣೆಯು ಗೊತ್ತಾಗಲೇ ಇಲ್ಲ. ಹಿಟ್ಟಿನ ಗಿರಣಿ, ಅಂಗಡಿ, ಬೆಲ್ಲದ ಗಾಣ ಇಟ್ಟಿರುವವರಿಗೆ ತಮ್ಮ ವರ್ಗದಲ್ಲಾದ ಇಂತಹ ಬದಲಾವಣೆಗಳೆಲ್ಲವೂ ಕೂಡಲೇ ಗೊತ್ತಾಗುತ್ತವೆ.

ಪುಕ್ಕಟೆಯ ನೀರಿನ ಕ್ರಯ

ಪಂಪಿನ ವಿದ್ಯುತ್ತಿಗೆ ರೈತನು ಹಣ ಕೊಡುವುದಿಲ್ಲವೆಂದ ಮಾತ್ರಕ್ಕೆ ಅದಕ್ಕೆ ಕ್ರಯವಿಲ್ಲವೆಂದಾಗಲಿಲ್ಲ. ಐದು ಕುದುರೆ ಶಕ್ತಿಯ ಮೋಟಾರು ನಷ್ಟವನ್ನೂ ಸೇರಿಸಿ ಗಂಟೆಗೆ ಸುಮಾರು ೪.೬ ಯೂನಿಟ್ಟನ್ನು ತಿನ್ನುತ್ತದೆ. ಏಳು ಗಂಟೆಗೆ ೩೨ ಯೂನಿಟ್ಟು. ವರ್ಷದಲ್ಲಿ ೧೫೦ ದಿನ ನಡೆದರೆ ೪,೮೦೦ ಯೂನಿಟ್ಟು. ಲೆಕ್ಕಕ್ಕಾಗಿ ಆರು ರೂಪಾಯಿಯಂತೆ ಹಿಡಿದರೂ ೨೮,೮೦೦ ರೂಪಾಯಿ. ರಾಜ್ಯದಲ್ಲಿ ಇಂತಹ ಪಂಪುಗಳು ಮೂವತ್ತು ಲಕ್ಷವನ್ನು ಮೀರಿವೆ. ಮಾರಾಟವಾಗುವ ವಿದ್ಯುತ್ತಿನಲ್ಲಿ ಹೆಚ್ಚು ಕಡಮೆ ಮೂರರಲ್ಲೊಂದು ಪಾಲು ಇವುಗಳದು. ಈ ಬಾಬಿಗೆ ಸರ್ಕಾರವು ಬೊಕ್ಕಸದಿಂದ ತೆರುವುದು ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಯನ್ನು ಮೀರಿದ ಹಣ. ಅದು ಸಾಲದೆ ಬಂದ ಭಾಗವನ್ನು ಕಾರ್ಖಾನೆ ಮತ್ತು ಅಂಗಡಿಗಳ ಮೇಲೆ ಹೆಚ್ಚು ದರ ಹಾಕಿ ತುಂಬಿಸುವುದು ಹಳೆಯ ಪದ್ಧತಿ. ಆದರೆ ದೊಡ್ಡ ಕಾರ್ಖಾನೆಗಳು ಈಗ ತಾವೇ ಸೌರಶಕ್ತಿಯನ್ನೋ ಗಾಳಿಯ ಶಕ್ತಿಯನ್ನೋ ನೇರವಾಗಿ ಕೊಂಡುಕೊಂಡು ಕಂಪೆನಿಯಿಂದ ದೂರ ಸರಿಯುತ್ತಿವೆ. ಹೀಗೆ ಆ ಬಾವಿಯೂ ಬತ್ತುತ್ತಿದೆ. ಸರ್ಕಾರದ ಹಣವು ತಡವಾದಾಗ ಕಂಪೆನಿಯು ವಿದ್ಯುತ್ತು ಹುಟ್ಟಿಸುವವರಿಗೆ ಬಾಕಿ ನಿಲ್ಲಿಸುತ್ತದೆ. ಹುಟ್ಟಿಸುವವರು ಕಲ್ಲಿದ್ದಲಿನ ಗಣಿಗೆ ಬಾಕಿ ನಿಲ್ಲಿಸುತ್ತಾರೆ. ಇದರ ನಡುವೆ ಹಳ್ಳಿಯ ತಂತಿ ಮತ್ತು ಕಂಬಗಳ ದುರಸ್ತಿಯು ಮುಂದಕ್ಕೆ ಹೋಗುತ್ತದೆ. ಬಿಲ್ಲಿನಲ್ಲಿ ಕಾಣದ ಕ್ರಯವನ್ನು ರೈತನು ಸುಟ್ಟ ಮೋಟಾರಿನಲ್ಲಿ ತೆರುತ್ತಾನೆ.

ಬೆಳೆಯ ಆಯ್ಕೆಯಲ್ಲಿ ಈ ವಿಷಯವು ಎಷ್ಟು ತೂಕದ್ದೆಂಬುದಕ್ಕೆ ಒಂದು ಲೆಕ್ಕ. ಬೇಸಿಗೆಯ ಬತ್ತಕ್ಕೆ ಒಂದು ಎಕರೆಗೆ ೪೮ ಲಕ್ಷ ಲೀಟರಿನಷ್ಟು ನೀರು ಬೇಕು. ಅದನ್ನೆಲ್ಲಾ ೧೨೦ ಅಡಿಯಿಂದ ಎತ್ತುವುದಾದರೆ ೧,೨೦೦ ಯೂನಿಟ್ಟು ವ್ಯಯವಾಗುತ್ತದೆ. ದಾರಿಯ ತಂತಿಯಲ್ಲಿ ನಷ್ಟವಾಗುವುದನ್ನೂ ಸೇರಿಸಿ, ಅಷ್ಟನ್ನೂ ಕಲ್ಲಿದ್ದಲಿನಿಂದ ಹುಟ್ಟಿಸಿದರೆ ಒಂಬತ್ತು ಕ್ವಿಂಟಾಲಿಗೂ ಮಿಗಿಲಾದ ಕಲ್ಲಿದ್ದಲು ಉರಿಯಬೇಕು. ಇಪ್ಪತ್ತು ಇಪ್ಪತ್ತೈದು ಕ್ವಿಂಟಾಲು ಬತ್ತಕ್ಕೆ ಒಂಬತ್ತು ಕ್ವಿಂಟಾಲು ಕಲ್ಲಿದ್ದಲು! ನೀರು ೪೦೦ ಅಡಿಗೆ ಇಳಿದಿರುವ ಕಡೆಯಲ್ಲಿ ಇದರ ಮೂರು ಪಟ್ಟಿಗೂ ಹೆಚ್ಚು. ರಾಗಿಗಾದರೋ ಬತ್ತದ ನೀರಿನಲ್ಲಿ ಮೂರರಲ್ಲೊಂದು ಪಾಲು ಸಾಕು. ಕಾಲುವೆಯ ಆಯಕಟ್ಟಿನಲ್ಲಿ ಬತ್ತವೇ ಯುಕ್ತವಾಗಿರಬಹುದು. ಕೊಳವೆ ಬಾವಿಯೊಂದನ್ನೇ ನಂಬಿದ ಎತ್ತರದ ಹೊಲದಲ್ಲಿ ಬೇಸಿಗೆಯ ಬತ್ತವನ್ನಿಡುವುದು ವಿವೇಕವಲ್ಲ. ಕಬ್ಬನ್ನು ಬಿಡಲಾರೆವೆನ್ನುವವರು ಹನಿ ನೀರಾವರಿಯ ಕೊಳವೆಗಳನ್ನು ಹಾಕಿಸಿಕೊಳ್ಳತಕ್ಕದ್ದು.

ಊರಿನೊಳಗೇ ಹುಟ್ಟುವ ತೊಂದರೆಗಳು

ಮೋಟಾರು ಸುಡುವುದಕ್ಕೂ ಟ್ರಾನ್ಸ್‌ಫಾರ್ಮರು ಸುಡುವುದಕ್ಕೂ ಕಂಪೆನಿಯೊಂದನ್ನೇ ಬೈಯುವುದು ರೂಢಿ. ಅದರಲ್ಲಿ ನ್ಯಾಯವೂ ಉಂಟು. ಆದರೆ ಪೂರ್ಣ ನ್ಯಾಯವಿಲ್ಲ. ೨೫ ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಐದು ಕುದುರೆ ಶಕ್ತಿಯ ನಾಲ್ಕು ಪಂಪುಗಳನ್ನು ಮಾತ್ರ ಸರಾಗವಾಗಿ ಹೊರಬಲ್ಲದು. ಮಂಜೂರಾದುವು ನಾಲ್ಕು, ರಾತ್ರಿ ಕೊಕ್ಕೆ ಹಾಕಿದುವು ಮೂರು, ಐದೆಂದು ಬರೆಯಿಸಿ ಏಳೂವರೆಯ ಮೋಟಾರನ್ನು ಇಳಿಸಿದುವು ಎರಡು, ಹೀಗಾದ ಮೇಲೆ ಅದು ಸುಡದೆ ಇನ್ನೇನಾದೀತು? ಪ್ರತಿಯೊಂದು ಮೋಟಾರಿಗೂ ತಕ್ಕ ಕೆಪ್ಯಾಸಿಟರನ್ನು, ಐದು ಕುದುರೆ ಶಕ್ತಿಗೆ ಎರಡು ಕೆ.ವಿ.ಎ.ಆರ್. ಮೇರೆಗೆ, ಹಾಕಿಸಿದರೆ ಅದೇ ಟ್ರಾನ್ಸ್‌ಫಾರ್ಮರು ಐದನೆಯ ಪಂಪನ್ನೂ ಹೊರುತ್ತದೆ. ತಂತಿಯ ಕೊನೆಯಲ್ಲಿರುವವನಿಗೆ ವೋಲ್ಟೇಜೂ ಸ್ವಲ್ಪ ಏರುತ್ತದೆ. ವೆಚ್ಚವು ಅಲ್ಪ. ಹೀಗಿದ್ದರೂ ಹತ್ತು ಸ್ಟಾರ್ಟರು ಪೆಟ್ಟಿಗೆಗಳನ್ನು ತೆಗೆದು ನೋಡಿದರೆ ಕೆಲಸ ಮಾಡುವ ಕೆಪ್ಯಾಸಿಟರು ಒಂದೆರಡರಲ್ಲಿಯೂ ಕಂಡರೆ ಹೆಚ್ಚು.

ಆಟೋ ಸ್ಟಾರ್ಟರೆಂಬ ಪೆಟ್ಟಿಗೆಯು ಮತ್ತೊಂದು ಉಪದ್ರವ. ವಿದ್ಯುತ್ತು ಬಂದೊಡನೆ ರೈತನು ಮನೆಯಲ್ಲಿದ್ದರೂ ಮೋಟಾರು ತಾನಾಗಿ ಹೊರಡುವುದು ಅನುಕೂಲವೇ ಸರಿ. ಆದರೆ ಹೊರಡುವ ಗಳಿಗೆಯಲ್ಲಿ ಮೋಟಾರು ಓಡುವಾಗಿನ ಐದಾರು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಒಂದು ಫೀಡರಿನ ನೂರು ಮೋಟಾರುಗಳು ಒಂದೇ ಗಳಿಗೆಯಲ್ಲಿ ಹೀಗೆ ಎಳೆದರೆ ವೋಲ್ಟೇಜು ಕುಸಿದು, ಕೆಲವು ಹೊರಡಲಾರದೆ ಗುಂಯ್ಗುಟ್ಟುತ್ತಾ ನಿಂತು, ಸುರುಳಿ ಕರಗಿಹೋಗುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನವರು ಕೂಡಿಕೊಂಡು ಸರದಿಯಂತೆ ಐದೈದು ನಿಮಿಷ ಬಿಟ್ಟು ಹೊರಡುವ ಹಾಗೆ ಪೆಟ್ಟಿಗೆಗಳನ್ನು ಕಟ್ಟಿಸಿದರೆ ಇದು ನಿಲ್ಲುತ್ತದೆ. ಕಾಲುವೆಯ ನೀರಿಗೆ ಸರದಿಯನ್ನು ಹಿರಿಯರು ಗೊತ್ತುಮಾಡಿಲ್ಲವೇ? ತಂತಿಗೂ ಹಾಗೆಯೇ ಗೊತ್ತುಮಾಡಬಹುದು. ಒಂದು ಫೇಸು ಮಾತ್ರ ಬರುವ ರಾತ್ರಿಯಲ್ಲಿ ಕಂಡೆನ್ಸರು ಸೇರಿಸಿ ಮೂರು ಫೇಸಿನ ಮೋಟಾರನ್ನು ನಡೆಸುವುದಂತೂ ಮೋಟಾರಿಗೂ ಟ್ರಾನ್ಸ್‌ಫಾರ್ಮರಿಗೂ ಮನೆಯ ದೀಪಗಳಿಗೂ ಏಕಕಾಲದಲ್ಲಿ ಕೇಡು. ಊರಿನ ದೀಪದ ತಂತಿಯನ್ನು ಪಂಪಿನ ತಂತಿಯಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಈ ಚಾಳಿಗೆ ಹಲವು ಕಡೆ ತಡೆ ಬಿದ್ದಿದೆ.

ಟ್ರಾನ್ಸ್‌ಫಾರ್ಮರು ಕೆಟ್ಟಾಗ ೧೯೧೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಗ್ರಾಮಾಂತರದಲ್ಲಿ ೭೨ ಗಂಟೆಗಳೊಳಗಾಗಿ ಬದಲಾಯಿಸಬೇಕೆಂದು ಆಯೋಗದ ನಿಯಮವುಂಟು. ರೈತರು ತಾವೇ ಹಣ ಕೂಡಿಸಿ, ಟ್ರ್ಯಾಕ್ಟರಿನಲ್ಲಿ ಹೊತ್ತುಕೊಂಡು ಹೋಗುವುದು ಅನೇಕ ಊರುಗಳಲ್ಲಿ ನಡೆಯುತ್ತದೆ. ಅದು ರೈತರ ಕರ್ತವ್ಯವಲ್ಲ. ಮಂಜೂರಾತಿಯಿಲ್ಲದ ಪಂಪುಗಳಿಲ್ಲದ ಊರಿನವರು ಈ ಮಾತನ್ನು ಧೈರ್ಯವಾಗಿ ಆಡಬಲ್ಲರು.

ಹಗಲಿನ ವಿದ್ಯುತ್ತು

ರಾತ್ರಿಯ ಪಾಳಿಯ ಸಂಕಟವು ಈ ತಾಲ್ಲೂಕಿಗೆ ಹೊಸದಲ್ಲ. ೨೦೨೨ರ ಕೊನೆಯಲ್ಲಿಯೂ ೨೦೨೩ರ ಮೊದಲಿನಲ್ಲಿಯೂ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಚಿರತೆಗೆ ಸಿಕ್ಕಿ ನಾಲ್ವರು ಪ್ರಾಣ ಬಿಟ್ಟಾಗ, ಕತ್ತಲಲ್ಲಿ ನೀರು ಕಟ್ಟಲು ಹೋಗುವುದಕ್ಕೆ ಜನರು ಹಿಂಜರಿದುದು ಸಹಜವೇ ಆಗಿತ್ತು. ಸೌರಶಕ್ತಿಯು ಹಗಲಿನಲ್ಲಿ ಹೆಚ್ಚಾಗಿ ದೊರೆಯುವುದರಿಂದ ಪಂಪುಗಳಿಗೆ ಹಗಲಿನಲ್ಲಿಯೇ ವಿದ್ಯುತ್ತನ್ನು ಕೊಡುವುದು ಈಗ ರೈತನಿಗೂ ಕಂಪೆನಿಗೂ ಸಮಾನವಾದ ಅನುಕೂಲ. ಇಬ್ಬರ ಹಿತವೂ ಒಂದಾಗುವ ಸಂದರ್ಭಗಳು ಹೆಚ್ಚಾಗಿಲ್ಲ. ಉಪಕೇಂದ್ರದ ಸಮೀಪದಲ್ಲಿಯೇ ಸೌರ ಫಲಕಗಳನ್ನು ನಿಲ್ಲಿಸಿ, ಅಲ್ಲಿ ಹುಟ್ಟಿದುದನ್ನು ಅಲ್ಲಿಯ ಪಂಪುಗಳಿಗೇ ಹರಿಸುವ ಕುಸುಮ್ ಯೋಜನೆಯ ಕೇಂದ್ರವನ್ನು ೨೦೨೫ರ ಜೂನಿನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಪ್ರಾರಂಭಿಸಲಾಯಿತು. ತಂತಿಯಿಂದ ದೂರವಿರುವ ಜಮೀನುಗಳಲ್ಲಿ ಪ್ರತ್ಯೇಕವಾಗಿ ಸೌರ ಪಂಪನ್ನು ಇಡುವವರಿಗೆ ವೆಚ್ಚದಲ್ಲಿ ರಾಜ್ಯವು ನೂರಕ್ಕೆ ೫೦ನ್ನೂ ಕೇಂದ್ರವು ೩೦ನ್ನೂ ಕೊಟ್ಟು, ೨೦ನ್ನು ರೈತನು ಹಾಕಿಕೊಳ್ಳುವ ಏರ್ಪಾಡೂ ಉಂಟು.

ಇಂತಹ ಕೇಂದ್ರಗಳಿಗೆ ಜಮೀನನ್ನು ಗುತ್ತಿಗೆಗೆ ಕೇಳಿಕೊಂಡು ಬರುವವರು ಈ ಕಡೆಗೂ ಬರಬಹುದು. ಪಾವಗಡದಲ್ಲಿ ಸುಮಾರು ೧೩,೦೦೦ ಎಕರೆಯನ್ನು ಐದು ಗ್ರಾಮಗಳ ರೈತರು ಮಾರದೆ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಹೆಚ್ಚಳ. ಮಳೆಯಿಲ್ಲದ ಕಲ್ಲುಭೂಮಿಯ ಒಡೆಯರಿಗೆ ಅದು ದೊಡ್ಡ ಆಸರೆಯಾಯಿತು. ಆ ಭೂಮಿಯಲ್ಲಿ ಕೂಲಿ ಮಾಡಿ, ಕುರಿ ಮೇಯಿಸಿ ಬದುಕುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯ ಹಣದಲ್ಲಿ ಪಾಲು ಬರಲಿಲ್ಲ. ಮುಡುಕುತೊರೆಯ ಸುತ್ತಿನ ನೀರಾವರಿ ಗದ್ದೆಯನ್ನು ಆ ದರಕ್ಕೆ ಕೊಡುವವನು ಹುಚ್ಚನೇ ಸರಿ. ಆದರೆ ಎತ್ತರದ ಬೀಳು ನೆಲವುಳ್ಳವರು ಯೋಚಿಸಬಹುದು. ಯೋಚಿಸುವವರು ಹೆಚ್ಚಳದ ಷರತ್ತನ್ನೂ, ಅವಧಿ ತೀರಿದ ಮೇಲೆ ಕಾಂಕ್ರೀಟು ಕಂಬಗಳನ್ನು ಕಿತ್ತು ನೆಲವನ್ನು ಮೊದಲಿನಂತೆ ಮಾಡಿಕೊಡುವವರು ಯಾರೆಂಬುದನ್ನೂ, ಕಂಪೆನಿಯು ಮತ್ತೊಬ್ಬರ ಕೈಗೆ ಹೋದರೆ ಗುತ್ತಿಗೆ ಹಣಕ್ಕೆ ಹೊಣೆ ಯಾರೆಂಬುದನ್ನೂ ಪತ್ರದಲ್ಲಿ ಬರೆಯಿಸಿ, ಪಹಣಿಯಲ್ಲಿ ಜಂಟಿ ಹೆಸರುಗಳಿದ್ದರೆ ಅಣ್ಣತಮ್ಮಂದಿರ ಭಾಗವನ್ನು ಮೊದಲು ಇತ್ಯರ್ಥಪಡಿಸಿಕೊಂಡು, ಅನಂತರ ರುಜು ಹಾಕತಕ್ಕದ್ದು.